ಸುಮಂಗಲಾಳ ಡೌಟು

ನಾರಾಯಣಗೂಡದ ಕೋಚಿಂಗ್ ಕ್ಲಾಸಿನ ಪಾಠವನ್ನು ದಿನವೂ ಪುಟ್ಟ ರೆಕಾರ್ಡರಿನಲ್ಲಿ ತುಂಬಿಕೊಂಡು, ರೂಮಿನಲ್ಲಿ ಜ್ವರದಿಂದ ಮಲಗಿದ್ದ ತಂಗಿ ಸುಮಂಗಲಾಳಿಗೆ ಒಯ್ಯುತ್ತಿದ್ದೆ. ಅವಳು ಅದನ್ನು ದಿಂಬಿನಡಿ ಇಟ್ಟುಕೊಂಡು ಕೇಳಿ, ಕೊನೆಗೆ ತನ್ನ ಡೌಟು ಹೇಳಿಡುತ್ತಿದ್ದಳು. ಮರುದಿನ ಸರ್ ಉತ್ತರವನ್ನೂ ಅದರಲ್ಲೇ ಹೇಳುತ್ತಿದ್ದರು.

ಅವಳು ತೀರಿಕೊಂಡಳೆಂದು ಸರ್‌ಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಎಂದಿನಂತೆ ಪಾಠ ತಂದು ಖಾಲಿ ಹಾಸಿಗೆಯ ದಿಂಬಿನಡಿ ಇಟ್ಟೆ. ಬೆಳಗ್ಗೆ ತೆಗೆದರೆ ರೆಕಾರ್ಡರ್ ಜ್ವರದ ಮೈಯಂತೆ ಸುಡುತ್ತಿತ್ತು. ಪಾಠದ ಕೊನೆಗೆ ಕೆಮ್ಮು, ಆಮೇಲೆ ಅವಳ ದನಿ:

“ಅಕ್ಕಾ, ಮೂರನೇ ಲೆಕ್ಕ ತಿಳೀಲಿಲ್ಲ. ಸರ್‌ನ ಕೇಳು.”

ಏನೂ ತಿಳಿಯದ ಸರ್ ಉತ್ತರ ಹೇಳಿದರು. ಅವಳು ದಿನವೂ ಕೇಳಿದಳು.

ಪರೀಕ್ಷೆ ಮುಗಿದು ಕ್ಲಾಸು ನಿಂತು ತಿಂಗಳಾಯಿತು. ದಿಂಬಿನಡಿಯ ರೆಕಾರ್ಡರನ್ನು ನಾನು ಮುಟ್ಟಿರಲಿಲ್ಲ. ನಿನ್ನೆ ತೆಗೆದರೆ ಇನ್ನೂ ಸುಡುತ್ತಿತ್ತು. ಒಳಗೆ ಮೂವತ್ತು ಹೊಸ ರೆಕಾರ್ಡಿಂಗ್ ಇದ್ದವು. ಎಲ್ಲದರಲ್ಲೂ ಒಂದೇ ಮಾತು:

“ಅಕ್ಕಾ, ಇವತ್ತ್ಯಾಕ ಪಾಠ ತರಲಿಲ್ಲ?”