ಹಲಸಿನ ಮರ ಹತ್ತಿದವನು

"ಏಯ್! ಇಳಿಯೋ ಕೆಳಕ್ಕೆ! ಯಾರ ಮರ ಅಂತ ಹತ್ತಿದ್ದೀಯ?"

ಹಲಸಿನ ಕೊಂಬೆಯ ಮೇಲಿದ್ದವನು ಕೆಳಗೆ ನೋಡಿದ. ಕೈಯಲ್ಲಿ ಮಚ್ಚು. ಬುಡದಲ್ಲಿ ಎಳೆಗಾಯಿಗಳ ರಾಶಿ... ಚಂದ್ರಲೇಖಾಳ ಹೊಟ್ಟೆ ಉರಿದುಹೋಯಿತು!

"ನಿಮ್ಮದೇ ಮರ. ಒಂಚೂರು ಹಿಂದಕ್ಕೆ ಸರ್ಕೊಳ್ಳಿ, ಕಾಯಿ ತಲೆ ಮ್ಯಾಲೆ ಬಿದ್ದಾತು!"

ಎಂಥ ಧೈರ್ಯ! ಆದರೆ ಕಣ್ಣು ಮಾತ್ರ... ಕಳ್ಳನ ಕಣ್ಣಿನಂತಿರಲಿಲ್ಲ.

ಡೆಂಕಣಿಕೋಟೆಯಾಚೆ, ಕಾಡಿನಂಚಿನ ಆ ಮನೆಯಲ್ಲಿ ಚಂದ್ರಲೇಖಾ ಮತ್ತು ಅವಳ ಅಜ್ಜಿ ಮುನಿಗಂಗಮ್ಮ ಇಬ್ಬರೇ. ಪ್ರವಾಸಿಗಳಿಗೆಂದು ಅವಳು ಎರಡು ಕೋಣೆ ಕಟ್ಟಿಸಿದ್ದಳು. ಹಲಸು ಹಣ್ಣಾದರೆ ಆ ವಾಸನೆಗೆ ಆನೆ ಅಂಗಳಕ್ಕೇ ಬರುತ್ತದೆ, ಬಂದವರು ತಾರಸಿಯಿಂದ ನೋಡಲಿ ಎಂಬ ಆಸೆ ಅವಳದು.

ಹಿಂದೆಲ್ಲ ಊರಿನವರು ಎಳೆಗಾಯಲ್ಲೇ ಕಿತ್ತುಬಿಡುತ್ತಿದ್ದರು. ಆನೆ ತನ್ನ ದಾರಿಯಲ್ಲಿ ತಾನು ಹೋಗಲಿ ಅಂತ. ಅವಳಿಗೂ ಅದು ಗೊತ್ತು. ಆದರೂ ಈ ವರ್ಷ ಬೇಕೆಂದೇ ಬಿಟ್ಟಿದ್ದಳು.

ಮರ ಹತ್ತಿದವನು ಪಕ್ಕದ ಊರಿನ ಕುಮಾರೇಶ್. ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸ.

"ನನ್ನ ಹೊಟ್ಟೆ ಮ್ಯಾಲೆ ಹೊಡೆದುಬುಟ್ಟೆ! ಯಾರು ಹೇಳಿದ್ರು ನಿಂಗೆ ಕೀಳಕ್ಕೆ?"

ಅವನು ಮನೆಬಾಗಿಲ ಕಡೆ ಒಮ್ಮೆ ನೋಡಿದ. "ಯಾರೂ ಹೇಳ್ನಿಲ್ಲ. ನಾನೇ ಬಂದೆ," ಎಂದು ಇಳಿದು ಹೊರಟೇಹೋದ.

ಅಂದಿನಿಂದ ಬಸ್ ಸ್ಟಾಪಿನಲ್ಲಿ ಅವನು ಕಂಡಾಗಲೆಲ್ಲ ಅವಳು ಮುಖ ತಿರುಗಿಸಿದಳು. ನಾಲ್ಕು ಹೆಜ್ಜೆ ಹೋಗಿ ಮತ್ತೆ ಹಿಂದಿರುಗಿ ನೋಡುತ್ತಿದ್ದಳು... ಯಾಕೋ!

ಬೇಸಿಗೆ ರಜೆಗೆ ಬೆಂಗಳೂರಿನಿಂದ ಒಂದು ಕುಟುಂಬ ಬಂತು. ಸಂಜೆ ತಾರಸಿಯಲ್ಲಿ ಕುಳಿತಿರುವಾಗ ಕೆರೆಯಾಚೆ ಒಂದು ತಾಯಿ ಆನೆ, ಹೊಟ್ಟೆಯಡಿ ಮರಿ! ಸೊಂಡಿಲೆತ್ತಿ ಗಾಳಿ ಮೂಸಿತು... ಈ ಕಡೆ ತಿರುಗಲಿಲ್ಲ.

ಅತಿಥಿ ಶಿಳ್ಳೆ ಹಾಕಲು ಬೆರಳು ಬಾಯಿಗಿಟ್ಟರು.

"ಬೇಡಿ ಸಾರ್! ಮರಿ ಐತೆ, ಹೋಗ್ಲಿ ಬಿಡಿ," ಎಂದು ತಡೆದವಳೇ ಕೆಳಗೆ ನೋಡಿದಳು.

ಅವರ ಪುಟ್ಟ ಮಗಳು ಹಲಸಿನ ಮರದಡಿ ಆಡುತ್ತಿದ್ದಳು. ಮರದಲ್ಲಿ ಹಣ್ಣಿದ್ದಿದ್ದರೆ...?

"ಅವನು ಕಿತ್ತಿದ್ದೇ ಒಳ್ಳೇದಾತು ಅಜ್ಜಿ," ಎಂದಳು ಅಡುಗೆಮನೆಗೆ ಬಂದು.

"ಕೀಳ್ಸಿದ್ದು ನಾನು ಕಣೇ! ನೀನೆಲ್ಲಿ ನನ್ನ ಮ್ಯಾಲೆ ಮುನಿಸ್ಕೊಂಡು ಊಟ ಬಿಡ್ತೀಯೋ ಅಂತ, ನನ್ನ ಹೆಸ್ರು ಎತ್ಬೇಡ ಅಂದಿದ್ದೆ. ಪಾಪ, ಬೈಸ್ಕೊಂಡು ಹೋದ."

ಅವಳು ಅಟ್ಟದಿಂದ ಉಪ್ಪಿನಕಾಯಿ ಜಾಡಿ ಇಳಿಸಿ, ಒಂದು ಡಬ್ಬಿ ಹುಡುಕಿದಳು.

ಮರುದಿನ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಅವನ ಗೆಳೆಯ ಚಿರಂಜೀವಿ ಮೊದಲು ನೋಡಿದ. "ಲೇ ಕುಮಾರ, ನಿಂಗೆ ಡಬ್ಬಿ ಬತ್ತಾ ಐತೆ ಕಣ್ಲಾ!"

"ನೀವು ಕಿತ್ತ ಕಾಯಿದೇ ಉಪ್ಪಿನಕಾಯಿ," ಎಂದು ಚಂದ್ರಲೇಖಾ ಡಬ್ಬಿ ಚಾಚಿದಳು. "ಅಷ್ಟು ಬೈದ್ರೂ ಯಾಕೆ ಬಾಯಿ ಬಿಡ್ನಿಲ್ಲ?"

"ಅಜ್ಜಿಗೆ ಮಾತು ಕೊಟ್ಟಿದ್ದೆ. ಅಲ್ದೆ..." ಕುಮಾರೇಶ್ ತಲೆ ಕೆರೆದುಕೊಂಡ. "ನೀವು ಬೈಯ್ಯೋವಾಗ್ಲೂ ನೋಡ್ತಾನೇ ಇರಂಗಾಯ್ತು."

ಅವಳ ಕೆನ್ನೆ ಕೆಂಪಾಯಿತು.

"ಇನ್ಮೇಲೆ ಆನೆ ತೋರಿಸ್ತೀನಿ ಅಂತ ಯಾರಿಗೂ ಹೇಳಲ್ಲ. ಬಂದ್ರೆ ದೂರದಿಂದ ನೋಡ್ಲಿ... ಮುಂದಿನ ವರ್ಷಾನೂ ಕಾಯಿ ಬಿಡ್ತದೆ. ಬತ್ತೀರಾ?"

"ಮರಕ್ಕಾ? ಮನೆಗಾ?"

"ಅಜ್ಜೀನ ಕೇಳಿ."

"ಅಜ್ಜಿ ಆಗ್ಲೇ ಒಪ್ಪವ್ರೆ. ನೀವು?"

ಕಂಪನಿ ಬಸ್ಸು ಬಂದು ನಿಂತಿತು. ಎಲ್ಲರೂ ಹತ್ತಿದರು. ಅವನು ಮಾತ್ರ ನಿಂತೇ ಇದ್ದ.

"ಮುಂದಿನ ಸಲ ಏಣಿ ಹಾಕ್ಕೊಂಡು ಹತ್ತಿ," ಎಂದಳು ಅವಳು ಮೆಲ್ಲಗೆ. "ನಾನು ಹಿಡ್ಕೊಂತೀನಿ."