ಹಿಡಿಯ ಕೆಳಗಿನ ಕೆಂಪು

ಅಮೆರಿಕದ ಶ್ಯಾಂಟಿಲಿಯಲ್ಲಿ ನಡೆಯುವ ಬಂದೂಕಿನ ಸಂತೆ, ಗನ್ ಶೋದಲ್ಲಿ, ಮೊದಲ ಸಲ ಪಿಸ್ತೂಲೊಂದಕ್ಕೆ ಬೆಲೆ ಕಟ್ಟಲು ಖುಷಿಯಿಂದ ನಿಂತಿದ್ದೆ. ಯಾವುದೋ ದೇಶದ ಸೈನ್ಯ ಬೇಡವೆಂದು ಮಾರಿದ ಹಳೆಯ ಮಾಲು, ಮುನ್ನೂರೈವತ್ತು ಡಾಲರ್.

“ಸೀರಿ ಚೌಕಾಸಿ ಮಾಡಿದಂಗಲ್ಲ ಇದು. ಟೋಪಿ ಹಾಕಿಸ್ಕೋತಿ ನೋಡು,” ಎಂದರು ಗಂಡ ವೀರಣ್ಣ.

“ನೀವು ಸುಮ್ನ ನಿಂದರ್ರಿ,” ಎಂದು, ತುಕ್ಕು ನೋಡಲು ಹಿಡಿಯ ಮರದ ಪಟ್ಟಿ ಬಿಚ್ಚಿಸಿದೆ. ಉಕ್ಕು ತಣ್ಣಗಿತ್ತು, ಹಿಡಿ ಮಾತ್ರ ಆಗಷ್ಟೇ ಯಾರೋ ಹಿಡಿದು ಬಿಟ್ಟಂತೆ ಬೆಚ್ಚಗಿತ್ತು. ಪಟ್ಟಿಯ ಕೆಳಗೆ ಬೆರಳಗಲದ ಕೆಂಪು.

“ಸೈನ್ಯದ ಡಬ್ಬದಿಂದ ತೆಗೆದ ಮೇಲೆ ಇವತ್ತೇ ಬಿಚ್ಚಿದ್ದು ಮೇಡಮ್. ತುಕ್ಕಿದೆ, ಎಪ್ಪತ್ತು ಡಾಲರ್ ಕಡಿಮೆ ಮಾಡ್ತೀನಿ,” ಎಂದ ಮಾರುವವ.

ಬೆರಳಿಗೆ ಹಚ್ಚಿಕೊಂಡು ಮೂಗಿಗೆ ಹಿಡಿದೆ. ತುಕ್ಕಲ್ಲ, ಕುಂಕುಮ. ಇನ್ನೂ ಒದ್ದೆ. ಬಾಯಿ ಬಿಡದೆ ಕೊಂಡು, ದಾರಿಯುದ್ದಕ್ಕೂ ಗೆದ್ದವಳಂತೆ ನಕ್ಕೆ.

ಮನೆಯಲ್ಲಿ ಕುಂಕುಮವನ್ನು ಪೂರ್ತಿ ಒರೆಸಿ, ಪಟ್ಟಿ ಬಿಗಿದು, ಸ್ಕ್ರೂ ಸಡಿಲವಾಗದಿರಲೆಂದು ಮೇಲೆ ನೇಲ್ ಪಾಲಿಶ್ ಹಚ್ಚಿದೆ.

ಆಯುಧಪೂಜೆಯ ಬೆಳಿಗ್ಗೆ ವೀರಣ್ಣ ಛೇಡಿಸಿದರು: “ಎಲ್ಲೈತಿ ನಿನ್ನ ಎಪ್ಪತ್ತು ಡಾಲರಿನ ತುಕ್ಕು, ತೋರಿಸು.”

ಪಾಲಿಶ್ ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ನಾನೇ ಅದನ್ನು ಕೆರೆದು, ಸ್ಕ್ರೂ ಬಿಚ್ಚಿದೆ. ಪಟ್ಟಿಯ ಕೆಳಗೆ, ಅದೇ ಜಾಗದಲ್ಲಿ, ಅದೇ ಅಗಲದ ಕುಂಕುಮ ಒದ್ದೆಯಾಗಿತ್ತು.