ಆರನೆಯ ಶಾಲೆ

"ನನ್ನ ಮಗಳು ದಡ್ಡಿ ಅಲ್ಲ, ಮೇಡಂ!"

ಆ ಗಡಸು ದನಿಗೆ ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲಿದ್ದ ಗಾಜಿನ ಲೋಟವೇ ಬೆಚ್ಚಿದಂತಾಯಿತು. ಕರೆ ಬಂದಿದೆಯೆಂದು ಬಂದ ಐದನೇ ತರಗತಿಯ ಟೀಚರ್ ಬಾಗಿಲಲ್ಲೇ ತಡೆದು ನಿಂತಳು.

ಸಮವಸ್ತ್ರದಲ್ಲಿದ್ದ ಆತ ಸೇನೆಯಲ್ಲಿ ಸೇತುವೆ ಕಟ್ಟುವ ದಳದ ಮೇಜರ್. ಪಕ್ಕದ ಕುರ್ಚಿಯ ತುದಿಯಲ್ಲಿ ಅವನ ಹತ್ತು ವರ್ಷದ ಮಗಳು, ಚೀಲವನ್ನು ತೊಡೆಯ ಮೇಲೆ ಅವುಚಿಕೊಂಡು ಕೂತಿದ್ದಳು. ಮನೆಯಲ್ಲಿ ಅವಳನ್ನು ಚುಕ್ಕಿ ಎನ್ನುತ್ತಿದ್ದರು. ಮೇಜಿನ ಮೇಲೆ ಅವಳು ಬರೆದ ಪ್ರವೇಶ ಪರೀಕ್ಷೆಯ ಹಾಳೆ. ಭಾಗಾಕಾರದ ಆರು ಲೆಕ್ಕಗಳೂ ಖಾಲಿ.

"ಒಂದು ವರ್ಷ ಹಿಂದಕ್ಕೆ, ನಾಲ್ಕನೇ ಕ್ಲಾಸಿಗೆ ಹಾಕೋಣ ಅಂದೆ ಅಷ್ಟೇ," ಎಂದರು ಮುಖ್ಯೋಪಾಧ್ಯಾಯಿನಿ. "ಇದು ಅವಳ ಆರನೇ ಶಾಲೆ ಸರ್. ಮಗೂಗೂ ಭಾರ ಕಡಿಮೆ ಆಗುತ್ತೆ."

ಹುಡುಗಿಯ ಕಿವಿಗಳು ಕೆಂಪಾದವು. ಅದನ್ನು ನೋಡಿದ್ದು ಟೀಚರ್ ಒಬ್ಬಳೇ.

'ಅಯ್ಯೋ... ಆ ಕಿವಿ ಹೇಗೆ ಸುಡುತ್ತೆ ಅಂತ ನನಗೆ ಗೊತ್ತು!'

"ಹಳೇ ನೋಟ್‌ಬುಕ್‌ಗಳು ಇದ್ದಾವಾ ಸರ್?" ಎಂದಳು ಒಳಗೆ ಬರುತ್ತ. "ಯಾವ ಶಾಲೆಯದ್ದಾದರೂ ಸರಿ."

ಮೇಜರ್ ಸರ್ರನೆ ತಿರುಗಿದ. "ಯಾಕೆ? ಅವಳ ತಪ್ಪು ಎಣಿಸೋಕಾ?"

"ಅಲ್ಲ. ನಮ್ಮ ಮೇಷ್ಟ್ರುಗಳ ತಪ್ಪು ಎಣಿಸೋಕೆ."



ಮರುದಿನ ಒಂದು ರಟ್ಟಿನ ಪೆಟ್ಟಿಗೆ ತುಂಬ ನೋಟ್‌ಬುಕ್ ಬಂತು. ಅವಳು ಅದನ್ನೆಲ್ಲ ಸ್ಟಾಫ್‌ರೂಮಿನ ನೆಲದ ಮೇಲೆ ಹರಡಿಕೊಂಡು, ಊಟದ ಬಿಡುವನ್ನೂ ಬಿಟ್ಟು, ಪುಟ ಪುಟ ತಿರುವಿದಳು. ಸಂಜೆ ಅಪ್ಪ ಮಗಳಿಬ್ಬರನ್ನೂ ಎದುರು ಕೂರಿಸಿಕೊಂಡಳು.

"ಇವಳಿಗೆ ಭಾಗಾಕಾರ ಯಾರೂ ಕಲಿಸೇ ಇಲ್ಲ ಸರ್! ಒಂದು ಶಾಲೇಲಿ ರಜೆ ಮುಗಿದ ಮೇಲೆ ಶುರು ಮಾಡೋರಿದ್ರು, ಅಷ್ಟರಲ್ಲಿ ನೀವು ಹೊರಟ್ರಿ. ಮುಂದಿನ ಶಾಲೇಲಿ ಇವಳು ಹೋಗೋ ಹೊತ್ತಿಗೆ ಅದು ಮುಗಿದೇ ಹೋಗಿತ್ತು. ಆದರೆ ದಿಕ್ಕುಗಳ ಪಾಠ ಮಾತ್ರ ಮೂರು ಶಾಲೇಲೂ ಆಗಿದೆ. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಉತ್ತರ ಯಾವ ಕಡೆ ಅಂತ ಹೇಳ್ತಾಳೆ!"

ಚುಕ್ಕಿ ಮೆಲ್ಲಗೆ ಕೈ ಎತ್ತಿ ಕಿಟಕಿಯ ಕಡೆ ತೋರಿಸಿದಳು. ಅದು ಉತ್ತರವೇ ಆಗಿತ್ತು!

ಮೂವರೂ ನಕ್ಕುಬಿಟ್ಟರು.

"ಐದು ಶಾಲೆ ಮೇಡಂ..." ಮೇಜರ್‌ನ ದನಿ ತಗ್ಗಿತ್ತು. "ಯಾರೂ ಹೀಗೆ ಕೂತು ನೋಡಿರಲಿಲ್ಲ."

ಮುಖ್ಯೋಪಾಧ್ಯಾಯಿನಿಯ ಬೆನ್ನು ಬಿದ್ದು, ಅವಳು ಚುಕ್ಕಿಯನ್ನು ಐದನೇ ತರಗತಿಯಲ್ಲೇ ಉಳಿಸಿಕೊಂಡಳು. ದಿನಾ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಭಾಗಾಕಾರ. ತರಗತಿಯಲ್ಲಿ ಪಕ್ಕದ ಜಾಗ ಯಾರಿಗೆಂದೂ ಯೋಚಿಸಿಯೇ ಇಟ್ಟಿದ್ದಳು... ಬಾಯಿ ಮುಚ್ಚದ ಕಾರಣಕ್ಕೆ 'ರೇಡಿಯೋ' ಎಂದು ಹೆಸರಾದ, ಹೋದ ವರ್ಷವಷ್ಟೇ ಬೇರೆ ಊರಿಂದ ಬಂದ ಬಸ್ ಡ್ರೈವರ್‌ನ ಮಗಳಿಗೆ.

"ಎರಡು ವಾರ ಊಟಕ್ಕೆ ಇವಳ ಜೊತೆ ಕೂರೋದು ನಿನ್ನ ಜವಾಬ್ದಾರಿ."

"ಎರಡೇ ವಾರಾನಾ ಮಿಸ್?" ರೇಡಿಯೋಗೆ ನಿರಾಸೆ!

ಹತ್ತನೆಯ ದಿನ ಚುಕ್ಕಿ ತೊಡೆಯ ಮೇಲಿನ ಚೀಲವನ್ನು ತೆಗೆದು ಕೆಳಗಿಟ್ಟಳು. ಟೀಚರ್ ಥಟ್ಟನೆ ಬೋರ್ಡಿನ ಕಡೆ ತಿರುಗಿದಳು. ಬರೆಯಲು ಏನೂ ಇರಲಿಲ್ಲ. ಒದ್ದೆ ಕಣ್ಣು ಮಕ್ಕಳಿಗೆ ಕಾಣಬಾರದಲ್ಲ...

ಸಂಜೆಗಳಲ್ಲಿ ಮೇಜರ್ ಮಕ್ಕಳ ಪುಟ್ಟ ಬೆಂಚಿನ ಮೇಲೆ ಮೊಣಕಾಲು ಮಡಚಿಕೊಂಡು ಕಾಯುತ್ತಿದ್ದ. ಒಂದು ದಿನ ತಾನಾಗಿಯೇ ಹೇಳಿದ.

"ಇವಳಿಗೆ ಮೂರು ವರ್ಷ ಇದ್ದಾಗ ಇವಳಮ್ಮ ಹೋದಳು. ಆಮೇಲೆ ಪ್ರತಿ ಊರು ಬಿಡೋವಾಗ ಗೆಳತಿಯರ ನೆನಪಲ್ಲಿ ಎರಡು ದಿನ ಊಟ ಬಿಡ್ತಾಳೆ. ಅದಕ್ಕೇ... ಇನ್ಮೇಲೆ ಯಾರನ್ನೂ ಜಾಸ್ತಿ ಹಚ್ಕೋಬೇಡ ಅಂದುಬಿಟ್ಟಿದ್ದೆ."

"ನಾನೂ ಹಾಗೇ ಮಾಡ್ದೆ ಸರ್. ನಮ್ಮಪ್ಪನೂ ಸೈನಿಕರೇ. ಒಂಬತ್ತು ಶಾಲೆ. ಈಗ ಹಳೇ ಕ್ಲಾಸ್ ಫೋಟೋ ತೆಗೆದ್ರೆ ಒಬ್ಬರ ಹೆಸರೂ ಗೊತ್ತಿಲ್ಲ." ಅವಳು ನಗಲು ನೋಡಿದಳು, ಆಗಲಿಲ್ಲ. "ಅಳೋದೇ ವಾಸಿ. ಅತ್ತರೆ ಯಾರಿಗೋಸ್ಕರ ಅತ್ತೆ ಅನ್ನೋದಾದ್ರೂ ನೆನಪಿರುತ್ತೆ."

ಅವನು ಅವಳನ್ನೇ ನೋಡಿದ. 

ಆ ಮಾತಿನಿಂದಲೇ ಒಂದು ಕೆಲಸ ಹುಟ್ಟಿತು. ಊರು ಬಿಡುವ ಪ್ರತಿ ಮಗುವಿನ ಕೈಗೆ ಒಂದು ಫೈಲ್. ಯಾವ ಪಾಠ ಆಗಿದೆ, ಯಾವುದು ಅರ್ಧಕ್ಕೆ ನಿಂತಿದೆ, ಮಗುವಿಗೆ ಯಾವುದು ಇಷ್ಟ, ಯಾವುದಕ್ಕೆ ಹೆದರಿಕೆ, ಗೆಳೆಯರು ಯಾರು ಯಾರು, ಈ ಊರಿನ ಟೀಚರ್‌ಗೆ ಫೋನ್ ಮಾಡುವುದು ಹೇಗೆ... ಎಲ್ಲವೂ ಅದರಲ್ಲಿ. ಮೇಜರ್ ಸೇನಾ ವಸತಿಯ ಮನೆ ಮನೆಗೂ ಹೋಗಿ ತಂದೆತಾಯಿಗಳನ್ನು ಒಟ್ಟು ಮಾಡಿದ. ಭಾನುವಾರಗಳಲ್ಲಿ ಇಪ್ಪತ್ಮೂರು ಮಕ್ಕಳು. ಅವಳು ಒಬ್ಬೊಬ್ಬರ ಪಕ್ಕ ಕೂತು ಬರೆಯುತ್ತಿದ್ದಳು. ಅವನು ಹಾಳೆಗೆ ತೂತು ಹೊಡೆದು ದಾರ ಕಟ್ಟುತ್ತಿದ್ದ.

'ಕಬ್ಬಿಣದ ತೊಲೆ ಎತ್ತಿಸುವ ಮನುಷ್ಯ... ದಾರದ ಗಂಟನ್ನೂ ಎಷ್ಟು ಶ್ರದ್ಧೆಯಿಂದ ಹಾಕ್ತಾನೆ!'

ಎದೆಯಲ್ಲಿ ಏನೋ ಸಡಿಲವಾಗುತ್ತಿತ್ತು. ಅವಳು ಅದಕ್ಕೆ ಹೆಸರಿಡಲಿಲ್ಲ.

ಅರ್ಧವಾರ್ಷಿಕ ಪರೀಕ್ಷೆಗೆ ಹನ್ನೆರಡು ದಿನವಿತ್ತು. ಕಚೇರಿಯ ಗುಮಾಸ್ತ ಕೇಳಿದ, "ಮೇಜರ್ ಸಾಹೇಬ್ರು ಮಗಳ ಟಿ.ಸಿ.ಗೆ ಅರ್ಜಿ ಕೊಟ್ಟಿದ್ದಾರೆ. ನಿಮಗೆ ಗೊತ್ತಿಲ್ವಾ ಮೇಡಂ?"



ಸಂಜೆ ಗೇಟಿನ ಬಳಿಯೇ ಅವನನ್ನು ತಡೆದಳು. "ಟಿ.ಸಿ. ಕೇಳಿದ್ದೀರಂತೆ!"

"ಕೇಳಿದ್ದೆ. ಆದರೆ..."

"ಆದರೆ ಏನು? ಮಗು ಈಗಷ್ಟೇ ನಗೋಕೆ ಶುರು ಮಾಡಿದ್ದಾಳೆ! ನನಗೊಂದು ಮಾತು ಹೇಳ್ಬೇಕು ಅನ್ನಿಸಲಿಲ್ವಾ? ಟ್ರಂಕ್ ಕಟ್ಟೋದು, ಹೊರಡೋದು, ಹಿಂದೆ ಉಳಿದವರು ಏನಾದರೆ ಏನು! ನಿಮ್ಮಂಥೋರ ಸಹವಾಸ ಬೇಡ, ಆ ಬದುಕೂ ಬೇಡ ಅಂತ ನಾನು ಯಾವತ್ತೋ ತೀರ್ಮಾನ ಮಾಡಿದ್ದೆ!"

 

"ನೀವು ಹೇಳೋದು ಸರಿ ಮೇಡಂ," ಎಂದಷ್ಟೇ ಹೇಳಿ ನಡೆದುಬಿಟ್ಟ.

'ನಿಮ್ಮಂಥೋರು ಅಂದುಬಿಟ್ಟೆನಲ್ಲ... ಅಪ್ಪ ಕೇಳಿಸಿಕೊಂಡಿದ್ದರೆ!'

ಸೋಮವಾರ ತರಗತಿಗೆ ಬಂದವಳು ಅವಾಕ್ಕಾದಳು. ಚುಕ್ಕಿ ತನ್ನ ಜಾಗದಲ್ಲೇ ಕೂತಿದ್ದಳು! ಬಾಗಿಲಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು.

"ನಾನು ಇವಳ ಸೋದರತ್ತೆ ಕಣಮ್ಮ. ನನ್ನ ತಮ್ಮ ನಿನ್ನೆ ಹೊರಟ, ದೂರದ ಯಾವುದೋ ನದಿಗೆ ಸೇತುವೆ ಹಾಕೋಕೆ. ವರ್ಷ ಮುಗಿಯೋವರೆಗೂ ನಾನಿಲ್ಲೇ ಇವಳ ಜೊತೆ."

"ಮತ್ತೆ... ಟಿ.ಸಿ.?"

"ವರ್ಗದ ಆರ್ಡರ್ ಬಂದ ದಿನ ಕೊಟ್ಟಿದ್ದ. ಮೂರೇ ದಿನಕ್ಕೆ ವಾಪಸ್ ತಗೊಂಡ, ನಿನಗೆ ಯಾರೋ ಹಳೇ ಸುದ್ದಿ ಹೇಳಿರಬೇಕು. ಅಲ್ಲಿ ಮನೇನೂ ಕೊಟ್ಟಿದ್ರು, ಕರ್ಕೊಂಡು ಹೋಗಬಹುದಿತ್ತು. ಮಗಳನ್ನ ಒಂದು ವಾರ ಬಿಟ್ಟಿರದ ಮನುಷ್ಯ, ಒಬ್ಬನೇ ಹೋದ. 'ಈ ಒಂದು ಸಲವಾದ್ರೂ ಅವಳು ಪೂರ್ತಿ ವರ್ಷ ಒಂದೇ ಶಾಲೇಲಿ ಓದಲಿ ಅಕ್ಕ' ಅಂದ."

 "ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಕ್ಷಮಿಸ್ತಿದ್ದೆ. ಕ್ಷಮಿಸಿದ್ರೆ ಅವನು ಇನ್ನೊಂದು ಮಾತೂ ಕೇಳಿಬಿಡ್ತಿದ್ದ." ಅತ್ತೆ ಅವಳ ಕೈ ಹಿಡಿದುಕೊಂಡರು. "ಆ ಬದುಕು ನಿನಗೆ ಬೇಡ ಅಂತ ಗೊತ್ತಾಯ್ತಲ್ಲ... ಸುಮ್ಮನಾದ."

ಅಂದೇ ಪತ್ರ ಬರೆದಳು. 'ನಿಮ್ಮಂಥೋರು ಅಂದ ಮಾತನ್ನು ವಾಪಸ್ ತಗೊಂಡಿದ್ದೀನಿ. ದಯವಿಟ್ಟು ಕ್ಷಮಿಸಿ. ಚುಕ್ಕಿ ಇವತ್ತು ಬೋರ್ಡಿನ ಮೇಲೆ ಭಾಗಾಕಾರ ಮಾಡಿದಳು, ಶೇಷವನ್ನೂ ಮರೆಯಲಿಲ್ಲ.'

ಮೂರು ವಾರಕ್ಕೆ ಉತ್ತರ ಬಂತು. 'ಎರಡನೇ ಕಂಬ ಎದ್ದಿತು. ಕ್ಷಮಿಸೋಕೆ ಏನೂ ಇಲ್ಲ. ಮಕ್ಕಳ ನೋಟ್‌ಬುಕ್ ನೋಡ್ತಾ ಊಟ ಬಿಡಬೇಡಿ.'

ಆ ಕೊನೆಯ ಸಾಲನ್ನು ಅವಳು ಎಷ್ಟು ಸಲ ಓದಿದಳೋ!

ಐದು ತಿಂಗಳು ಶನಿವಾರ ತಪ್ಪದೆ ಪತ್ರ ಹೋಯಿತು. ಅವನ ಎರಡು ಸಾಲು ಎರಡು ಪುಟವಾಯಿತು. ಚುಕ್ಕಿಗೆ ಗಣಿತದಲ್ಲಿ ಐವತ್ತಕ್ಕೆ ನಲವತ್ತಾರು ಬಂತು. ಶಾಲೆಯ ಕೊನೆಯ ದಿನ ಅವಳು ರೇಡಿಯೋಳನ್ನು ತಬ್ಬಿಕೊಂಡು ಜೋರಾಗಿ ಅತ್ತಳು, ವಿಳಾಸ ಬರೆಸಿಕೊಂಡಳು. ಆಮೇಲೆ ಇಬ್ಬರೂ ಕೂತು ಡಬ್ಬಿ ಖಾಲಿ ಮಾಡಿದರು.

ಮಗಳನ್ನು ಕರೆದೊಯ್ಯಲು ಬಂದ ಮೇಜರ್ ಖಾಲಿ ತರಗತಿಯ ಹೊಸ್ತಿಲಲ್ಲಿ ನಿಂತಿದ್ದ. ಬಿಸಿಲಿಗೆ ಕಪ್ಪಾಗಿದ್ದ, ಸೊರಗಿದ್ದ. ಚುಕ್ಕಿ ಓಡಿ ಬಂದು ಅವನ ಸೊಂಟಕ್ಕೆ ಜೋತುಬಿದ್ದಳು.

"ಅಲ್ಲಿನ ಶಾಲೇಲೂ ನಿಮ್ಮ ಫೈಲ್ ಶುರು ಮಾಡಬೇಕಂತೆ ಮೇಡಂ. ಹೇಳಿಕೊಡೋ ಟೀಚರ್ ಬೇಕು ಅಂತಿದ್ರು." ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ. "ನಾನೇನೂ ಹೇಳಲಿಲ್ಲ. ವರ್ಷಕ್ಕೊಂದು ಊರು... ಅಂಥ ಬದುಕಿಗೆ ನಿಮ್ಮನ್ನ ಕರೆಯೋ ಹಕ್ಕು ನನಗಿಲ್ಲ."

"ಒಂದು ಮಾತು ಹೇಳ್ಲಾ?" ಅವಳು ಮುಂದೆ ಬಂದಳು. "ಚಿಕ್ಕಂದಿನಲ್ಲಿ ನನಗೆ ನೋವಾಗಿದ್ದು ಊರು ಬಿಟ್ಟಿದ್ದಕ್ಕಲ್ಲ. ನಾಳೆ ಹೊರಡ್ತಿದ್ದೀವಿ ಅಂತ ಹೇಳ್ತಿದ್ರು. ಬರ್ತೀಯಾ ಅಂತ ಒಬ್ಬರೂ ಕೇಳಲಿಲ್ಲ... ನೀವೂ ಕೇಳದೇ ತೀರ್ಮಾನ ಮಾಡಿಬಿಟ್ರಿ."

ಟೋಪಿ ತಿರುಗುವುದು ನಿಂತಿತು.

"ನಮ್ಮ ಜೊತೆ... ನನ್ನ ಜೊತೆ... ಬರ್ತೀರಾ?"

"ಬರ್ತೀನಿ."

"ನನ್ನನ್ನ ಯಾರೂ ಕೇಳಲೇ ಇಲ್ಲ!" ಚುಕ್ಕಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

ಮೇಜರ್ ಮೊಣಕಾಲೂರಿ ಕೂತ. "ತಪ್ಪಾಯ್ತು ಕಂದ. ಮಿಸ್ ನಮ್ಮ ಮನೆಗೆ ಬರಬಹುದಾ?"

ಚುಕ್ಕಿ ಅವನನ್ನು ನೋಡಿದಳು, ಅವಳನ್ನು ನೋಡಿದಳು.

"ಮನೇಲೂ ಮಿಸ್ ಅಂತಲೇ ಕರೀಬೇಕಾ?"

ಟೀಚರ್ ಬಾಗಿ ಅವಳ ಕೆನ್ನೆಗೆ ಕೆನ್ನೆ ತಾಗಿಸಿದಳು. "ನಿನಗೆ ಏನು ಕರೀಬೇಕು ಅನ್ಸುತ್ತೋ ಅದನ್ನೇ ಕರಿ. ಅವಸರ ಇಲ್ಲ."

"ಹಾಗಾದ್ರೆ ಯೋಚನೆ ಮಾಡಿ ಹೇಳ್ತೀನಿ," ಎಂದಳು ಚುಕ್ಕಿ. ಹಾಗೆನ್ನುತ್ತಲೇ ಟೀಚರ್‌ನ ಬೆರಳು ಹಿಡಿದುಕೊಂಡಳು.